ಚುಕ್ಕಿ ಮಾಯವಾದರೆ ವಿಮಾನ ಮಾಯವಾದಂತಲ್ಲ: ರೇಡಾರ್ ಕೆಲಸ ಮಾಡುವ ಬಗೆ

ಮೊನ್ನೆ ರಾತ್ರಿ ಹತ್ತೂವರೆ ಹೊತ್ತಿಗೆ ಮದ್ದೂರಿನಿಂದ ಚಿಕ್ಕಮ್ಮನ ಫೋನ್ ಬಂತು. ಅವರ ಮಗಳು ಮೊದಲ ಸಲ ದುಬೈಗೆ ಹೊರಟಿದ್ದಳು. ಮನೆ ಬಿಡುವ ಮುಂಚೆ ಅಮ್ಮನ ಮೊಬೈಲಿಗೆ ವಿಮಾನ ತೋರಿಸುವ ಒಂದು ಆ್ಯಪ್ ಹಾಕಿಕೊಟ್ಟು, "ಇದರಲ್ಲಿ ನೋಡ್ತಿರಮ್ಮ, ನಾನು ಎಲ್ಲಿದ್ದೀನಿ ಅಂತ ಗೊತ್ತಾಗುತ್ತೆ" ಅಂದಿದ್ದಳಂತೆ. ಚಿಕ್ಕಮ್ಮ ಊಟವನ್ನೂ ಮಾಡದೆ ಅದನ್ನೇ ನೋಡುತ್ತಾ ಕೂತಿದ್ದರು. ವಿಮಾನದ ಪುಟ್ಟ ಚಿತ್ರ ಕರಾವಳಿ ದಾಟಿತು, ಸಮುದ್ರದ ಮೇಲೆ ಒಂದಷ್ಟು ದೂರ ಹೋಯಿತು, ಆಮೇಲೆ ನಿಂತಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಚಿತ್ರವೇ ಇಲ್ಲ. "ರೇಡಾರ್‌ನಿಂದ ಕಣ್ಮರೆ ಅಂತ ಟೀವೀಲಿ ಹೇಳ್ತಾರಲ್ಲೋ ಮಗಾ, ಹಂಗೇನಾದ್ರೂ..." ಅಂದರು. ಮುಂದೆ ಮಾತು ಹೊರಡಲಿಲ್ಲ.

ಅವರ ಭಯ ಸುಮ್ನೆ ಬಂದದ್ದಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದ ದಿನ, ಆ ವಿಮಾನದ ಕೊನೆಯ ಸಂಕೇತ ಎಷ್ಟು ಎತ್ತರದಲ್ಲಿ ಸಿಕ್ಕಿತು ಅನ್ನುವುದನ್ನು ಎಲ್ಲ ಚಾನೆಲ್‌ಗಳೂ ಇಂಥ ನಕ್ಷೆಗಳನ್ನು ಇಟ್ಟುಕೊಂಡೇ ಹೇಳಿದವು. ಅಲ್ಲಿಂದೀಚೆಗೆ ನಮ್ಮ ಕಡೆ ಯಾರ ಮನೆಯಿಂದ ಯಾರು ವಿಮಾನ ಹತ್ತಿದರೂ ಮನೆಯವರು ಮೊಬೈಲ್ ಹಿಡಿದು ಕೂರುತ್ತಾರೆ. ಚುಕ್ಕಿ ಓಡುತ್ತಿದ್ದರೆ ಸಮಾಧಾನ, ನಿಂತರೆ ಎದೆ ಧಸಕ್ಕೆನ್ನುತ್ತದೆ.

ಆದರೆ ಆ ಚುಕ್ಕಿ ರೇಡಾರ್ ಅಲ್ಲ. ರೇಡಾರ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದು ಕೂಡ ಒಂದೇ ಯಂತ್ರ ಅಲ್ಲ. ಇದರಲ್ಲಿ ಮೂರು ಬೇರೆ ಬೇರೆ ಉಪಾಯಗಳಿವೆ. ಯಾವುದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ "ಕಣ್ಮರೆ" ಅನ್ನುವ ಮಾತಿನ ಅರ್ಥ ಬಿಡಿಸಿಕೊಳ್ಳಬಹುದು. ಅವತ್ತು ರಾತ್ರಿ ಚಿಕ್ಕಮ್ಮನಿಗೆ ಎರಡು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಕುಂತಿಬೆಟ್ಟಕ್ಕೆ ಕೂಗು ಹಾಕಿದ ಹಾಗೆ

ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ಎದುರು ನಿಂತು "ಓಹೋ" ಅಂತ ಕೂಗಿ. ಸ್ವಲ್ಪ ತಡೆದು ನಿಮ್ಮದೇ ದನಿ ವಾಪಸ್ ಬರುತ್ತದೆ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕೂಗಿದ ಎರಡು ಸೆಕೆಂಡಿಗೆ ಮರುದನಿ ಬಂತು ಅಂದರೆ, ಹೋಗಲು ಒಂದು ಸೆಕೆಂಡ್, ಬರಲು ಒಂದು ಸೆಕೆಂಡ್. ಬಂಡೆ 340 ಮೀಟರ್ ದೂರದಲ್ಲಿದೆ. ಟೇಪ್ ಹಿಡಿದು ಅಳೆಯದೆ, ಬಂಡೆಯ ಹತ್ತಿರ ಹೋಗದೆ, ದೂರ ಗೊತ್ತಾಯಿತು.

ರೇಡಾರ್‌ನ ಮೂಲ ಲೆಕ್ಕ ಇಷ್ಟೇ. ದನಿಯ ಬದಲು ರೇಡಿಯೊ ಅಲೆ. ಬಂಡೆಯ ಬದಲು ವಿಮಾನದ ಲೋಹದ ಮೈ. ರೇಡಿಯೊ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ಇಲ್ಲಿ ಸೆಕೆಂಡಿನ ಲೆಕ್ಕ ನಡೆಯುವುದಿಲ್ಲ, ಮೈಕ್ರೋಸೆಕೆಂಡ್ ಬೇಕು. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಹೋಗಿ ಬರುವುದು ಎರಡನ್ನೂ ಸೇರಿಸಿದರೆ, ಮರುದನಿ ಒಂದು ಮೈಕ್ರೋಸೆಕೆಂಡ್ ತಡವಾದರೆ ವಿಮಾನ 150 ಮೀಟರ್ ದೂರ ಅಂತ ಲೆಕ್ಕ. ದೇವನಹಳ್ಳಿಯಿಂದ ನೇರ ಗೆರೆ ಎಳೆದರೆ ಮೈಸೂರು ಹೆಚ್ಚುಕಡಿಮೆ 150 ಕಿ.ಮೀ. ಅಲ್ಲಿಂದ ಹೊರಟ ಅಲೆ ಮೈಸೂರಿನ ಮೇಲೆ ಹಾರುವ ವಿಮಾನಕ್ಕೆ ತಾಗಿ ವಾಪಸ್ ಹೋಗಲು ಬೇಕಾದ ಸಮಯ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ. ನಾವು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಅದು ನೂರು ಸಲ ಹೋಗಿ ಬರಬಹುದು.

ಈ ಉಪಾಯ ಹೊಸದಲ್ಲ. 1904ರಲ್ಲೇ ಕ್ರಿಶ್ಚಿಯನ್ ಹ್ಯೂಲ್ಸ್‌ಮೇಯರ್ ಅನ್ನುವ ಜರ್ಮನಿಯವರು ಕಲೋನ್ ನಗರದ ರೈನ್ ನದಿ ಸೇತುವೆ ಮೇಲೆ ನಿಂತು, ಬರುತ್ತಿದ್ದ ಹಡಗನ್ನು ರೇಡಿಯೊ ಅಲೆಯಿಂದ ಪತ್ತೆ ಮಾಡಿ ತೋರಿಸಿದ್ದರು. ಅವತ್ತು ಅದನ್ನು ಕೊಳ್ಳುವವರು ಸಿಗಲಿಲ್ಲ. 1935ರ ಫೆಬ್ರವರಿ 26ರಂದು ಬ್ರಿಟನ್ನಿನ ರಾಬರ್ಟ್ ವಾಟ್ಸನ್-ವಾಟ್ ತಂಡ ಬಿಬಿಸಿ ರೇಡಿಯೊ ಕೇಂದ್ರದ ಅಲೆಗಳನ್ನೇ ಬಳಸಿ ಹಾರುವ ವಿಮಾನವನ್ನು ಗುರುತಿಸಿತು. ಆಮೇಲೆ ಮಹಾಯುದ್ಧ ಬಂತು, ರೇಡಾರ್ ಬೆಳೆಯಿತು. ಯುದ್ಧ ಮುಗಿದ ಮೇಲೆ ಅದೇ ಯಂತ್ರ ಪ್ರಯಾಣಿಕರ ವಿಮಾನಗಳನ್ನು ಕಾಯಲು ಬಂತು.

ದೂರ ಗೊತ್ತಾಯಿತು, ದಿಕ್ಕು ಹೇಗೆ?

ವಿಮಾನ ನಿಲ್ದಾಣದ ಹತ್ತಿರ ಗೋಪುರದ ಮೇಲೆ ನಿಧಾನಕ್ಕೆ ಸುತ್ತುವ ದೊಡ್ಡ ಬಾಗಿದ ಜಾಲರಿ ನೋಡಿರುತ್ತೀರಿ. ಅದೇ ಆಂಟೆನಾ. ಅದು ಯಾವ ಕಡೆ ಮುಖ ಮಾಡಿದಾಗ ಮರುದನಿ ಬಂತೋ, ವಿಮಾನ ಆ ದಿಕ್ಕಿನಲ್ಲಿದೆ. ಕರೆಂಟು ಹೋದ ರಾತ್ರಿ ಅಂಗಳದಲ್ಲಿ ನಿಂತು ಟಾರ್ಚನ್ನು ಸುತ್ತಲೂ ತಿರುಗಿಸಿ ನೋಡುತ್ತೇವಲ್ಲ, ಹಾಗೆ. ನಿಲ್ದಾಣದ ಹತ್ತಿರದ ರೇಡಾರ್ ಸಾಮಾನ್ಯವಾಗಿ 4-5 ಸೆಕೆಂಡಿಗೆ ಒಂದು ಸುತ್ತು ಹೊಡೆಯುತ್ತದೆ. ದೂರದ ದಾರಿ ಕಾಯುವ ರೇಡಾರ್‌ಗೆ 10-12 ಸೆಕೆಂಡ್ ಬೇಕು. ಹಾಗಾಗಿ ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಪರದೆಯಲ್ಲಿ ವಿಮಾನ ಸಿನಿಮಾದಂತೆ ಓಡುವುದಿಲ್ಲ. ಪ್ರತಿ ಸುತ್ತಿಗೆ ಒಂದು ಹೆಜ್ಜೆ ಜಿಗಿಯುತ್ತದೆ.

ಇಲ್ಲೊಂದು ಮುಖ್ಯ ವಿಷಯ ಇದೆ. ಈ ಅಲೆಯ ಆಕಾರ ಟಾರ್ಚ್ ಬೆಳಕಿನಂತೆ ದುಂಡಗಿಲ್ಲ. ಬೀಸಣಿಗೆಯನ್ನು ನೆಟ್ಟಗೆ ಹಿಡಿದ ಹಾಗಿದೆ. ಅಡ್ಡಕ್ಕೆ ಬಹಳ ತೆಳು, ಉದ್ದಕ್ಕೆ ನೆಲದ ಹತ್ತಿರದಿಂದ ಆಕಾಶದ ಮೇಲಿನವರೆಗೆ. ಎಷ್ಟೇ ಎತ್ತರದಲ್ಲಿರುವ ವಿಮಾನವೂ ತಪ್ಪಿಸಿಕೊಳ್ಳಬಾರದು ಅಂತ ಹೀಗೆ ಮಾಡಿದ್ದಾರೆ. ಆದರೆ ಇದರಿಂದ ಒಂದು ತೊಂದರೆ ಆಯಿತು. ಬೀಸಣಿಗೆಯೊಳಗೆ ವಿಮಾನ ಮೇಲಿದೆಯಾ, ಕೆಳಗಿದೆಯಾ ಅನ್ನುವುದು ಗೊತ್ತಾಗುವುದಿಲ್ಲ. ದೂರ ಸಿಕ್ಕಿತು, ದಿಕ್ಕು ಸಿಕ್ಕಿತು, ಎತ್ತರ ಸಿಗಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಬಗೆಯ ರೇಡಾರ್‌ಗೆ ಪ್ರೈಮರಿ ರೇಡಾರ್ ಅಂತ ಹೆಸರು. ಇದರ ದೊಡ್ಡ ಗುಣ ಏನೆಂದರೆ, ವಿಮಾನದವರ ಸಹಾಯ ಏನೂ ಬೇಡ. ಒಳಗೆ ಎಲ್ಲ ಯಂತ್ರಗಳೂ ಕೆಟ್ಟು ನಿಂತಿದ್ದರೂ ಲೋಹದ ಮೈ ಇದ್ದರೆ ಸಾಕು, ಮರುದನಿ ಬರುತ್ತದೆ.

ಕಷ್ಟಗಳೂ ಇವೆ. ಮರುದನಿ ಬಹಳ ಬೇಗ ಸೊರಗುತ್ತದೆ. ಅಲೆ ಹೋಗುವಾಗಲೂ ಹರಡುತ್ತದೆ, ತಾಗಿ ವಾಪಸ್ ಬರುವಾಗಲೂ ಮತ್ತೆ ಹರಡುತ್ತದೆ. ಎರಡು ಸಲ ಕರಗಿ ಕರಗಿ, ದೂರ ಎರಡರಷ್ಟಾದರೆ ಮರುದನಿ ಅರ್ಧ ಅಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಪ್ರೈಮರಿ ರೇಡಾರ್‌ಗೆ ಭಾರಿ ಶಕ್ತಿ ಬೇಕು, ಖರ್ಚು ಜಾಸ್ತಿ, ಮತ್ತು ನಿಲ್ದಾಣದ ಹತ್ತಿರದ ರೇಡಾರ್ ನೂರು ನೂರಿಪ್ಪತ್ತು ಕಿ.ಮೀ. ಆಸುಪಾಸಿಗೆ ತನ್ನ ಕೆಲಸ ಮುಗಿಸುತ್ತದೆ.

ಇನ್ನೊಂದು, ಮರುದನಿ ಕೊಡುವುದು ವಿಮಾನ ಮಾತ್ರವಲ್ಲ. ಬೆಟ್ಟ, ಕಟ್ಟಡ, ಮಳೆ, ಹಕ್ಕಿಗಳ ಹಿಂಡು ಎಲ್ಲವೂ ಕೊಡುತ್ತವೆ. ಮೊದಮೊದಲು ರೇಡಾರ್ ನೋಡುತ್ತಿದ್ದವರಿಗೆ ಪರದೆಯಲ್ಲಿ ಕಾರಣ ಗೊತ್ತಿಲ್ಲದ ಚುಕ್ಕಿಗಳು ಕಾಣುತ್ತಿದ್ದವು, ಅವಕ್ಕೆ ಏಂಜಲ್ ಅಂತ ಹೆಸರಿಟ್ಟಿದ್ದರು. ಅವುಗಳಲ್ಲಿ ಎಷ್ಟೋ ಹಕ್ಕಿಗಳು ಅಂತ ಆಮೇಲೆ ತಿಳಿಯಿತು. ಸಂಜೆ ಹೊತ್ತು ರಂಗನತಿಟ್ಟಿನ ಕಡೆಗೆ ಸಾಲುಸಾಲಾಗಿ ಮರಳುವ ಕೊಕ್ಕರೆಗಳನ್ನು ನೋಡಿದಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ.

ಬೆಟ್ಟವನ್ನು ತೆಗೆದುಹಾಕಲು ಒಂದು ಒಳ್ಳೆ ಉಪಾಯ ಇದೆ. ಮಂಡ್ಯದಲ್ಲಿ ರೈಲ್ವೆ ಗೇಟಿನ ಹತ್ತಿರ ನಿಂತವರಿಗೆ ಇದು ಗೊತ್ತು. ಹಾರ್ನ್ ಹಾಕುತ್ತಾ ಬರುವ ರೈಲಿನ ದನಿ ಹತ್ತಿರ ಬರುವಾಗ ಚೂಪಾಗಿರುತ್ತದೆ, ನಮ್ಮನ್ನು ದಾಟಿದ ತಕ್ಷಣ ದಪ್ಪವಾಗುತ್ತದೆ. ರೈಲಿನ ಹಾರ್ನ್ ಬದಲಾಗಿಲ್ಲ, ರೈಲು ಓಡುತ್ತಿರುವುದರಿಂದ ನಮಗೆ ಹಾಗೆ ಕೇಳಿಸುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಅನ್ನುತ್ತಾರೆ. ರೇಡಿಯೊ ಅಲೆಯಲ್ಲೂ ಹೀಗೇ. ಓಡುವ ವಿಮಾನದಿಂದ ಬಂದ ಮರುದನಿಯ ಸ್ವರ ಸ್ವಲ್ಪ ಬದಲಾಗಿರುತ್ತದೆ, ಚಾಮುಂಡಿ ಬೆಟ್ಟದಂತೆ ಇದ್ದಲ್ಲೇ ಇರುವುದರಿಂದ ಬಂದ ಸ್ವರ ಬದಲಾಗಿರುವುದಿಲ್ಲ. ಬದಲಾಗದ್ದನ್ನು ಕಂಪ್ಯೂಟರ್ ಅಳಿಸಿಹಾಕುತ್ತದೆ.

ಕಬ್ಬಿನ ಗದ್ದೆಯಲ್ಲಿ ಯಾರಪ್ಪ ಅದು?

ಪ್ರೈಮರಿ ರೇಡಾರ್ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ: ಅಲ್ಲೇನೋ ಇದೆ. ಯಾರು ಅಂತ ಹೇಳುವುದಿಲ್ಲ. ರಾತ್ರಿ ನೀರು ಕಟ್ಟಲು ಹೋದಾಗ ಆಳೆತ್ತರದ ಕಬ್ಬಿನ ಗರಿ ಸರಸರ ಅಂದರೆ ಅಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. ಪಕ್ಕದ ಗದ್ದೆಯವರಾ, ಹಂದಿಯಾ, ಗೊತ್ತಾಗುವುದಿಲ್ಲ. ಆಗ ಏನು ಮಾಡುತ್ತೇವೆ? "ಯಾರಪ್ಪ ಅಲ್ಲಿ?" ಅಂತ ಕೂಗುತ್ತೇವೆ. "ನಾನೇ ಕಣಣ್ಣ, ಮೇಲಿನ ತೆವರಿ ಹತ್ರ ಇದ್ದೀನಿ" ಅಂತ ಉತ್ತರ ಬಂದರೆ ಹೆಸರೂ ಗೊತ್ತಾಯಿತು, ಎಲ್ಲಿದ್ದಾನೆ ಅಂತಲೂ ಗೊತ್ತಾಯಿತು.

ಸೆಕೆಂಡರಿ ರೇಡಾರ್ ಅಂದರೆ ಇದೇ. ಇದು ಮರುದನಿಗೆ ಕಾಯುವುದಿಲ್ಲ, ಪ್ರಶ್ನೆ ಕೇಳುತ್ತದೆ. ವಿಮಾನದೊಳಗೆ ಟ್ರಾನ್ಸ್‌ಪಾಂಡರ್ ಅನ್ನುವ ಪೆಟ್ಟಿಗೆ ಇರುತ್ತದೆ, ಅದು ಉತ್ತರ ಕೊಡುತ್ತದೆ. ಜಗತ್ತಿನಾದ್ಯಂತ ಪ್ರಶ್ನೆ ಹೋಗುವುದು 1030 ಮೆಗಾಹರ್ಟ್ಸ್‌ನಲ್ಲಿ, ಉತ್ತರ ಬರುವುದು 1090 ಮೆಗಾಹರ್ಟ್ಸ್‌ನಲ್ಲಿ. ಬೆಂಗಳೂರಿನಿಂದ ಹೊರಟ ವಿಮಾನ ಮಸ್ಕತ್ತಿನಲ್ಲೂ ಫ್ರಾಂಕ್‌ಫರ್ಟ್‌ನಲ್ಲೂ ಅದೇ ಭಾಷೆ ಮಾತಾಡುತ್ತದೆ.

ಪ್ರಶ್ನೆ ಅಂದರೆ ಮಾತಲ್ಲ, ಬಾಗಿಲು ತಟ್ಟಿದ ಹಾಗೆ ಎರಡು ತಟ್ಟು. ಎರಡು ತಟ್ಟಿನ ನಡುವೆ 8 ಮೈಕ್ರೋಸೆಕೆಂಡ್ ಬಿಡುವಿದ್ದರೆ "ನೀನು ಯಾರು?" ಅಂತ ಅರ್ಥ. 21 ಮೈಕ್ರೋಸೆಕೆಂಡ್ ಇದ್ದರೆ "ಎಷ್ಟು ಎತ್ತರದಲ್ಲಿದ್ದೀಯ?" ಅಂತ ಅರ್ಥ. ಟ್ರಾನ್ಸ್‌ಪಾಂಡರ್ ಬಿಡುವನ್ನು ಅಳೆದು, ಕರಾರುವಾಕ್ಕಾಗಿ 3 ಮೈಕ್ರೋಸೆಕೆಂಡ್ ತಡೆದು ಉತ್ತರ ಕಳಿಸುತ್ತದೆ. ನೆಲದ ರೇಡಾರ್ ಆ 3 ಮೈಕ್ರೋಸೆಕೆಂಡನ್ನು ಕಳೆದು ಉಳಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಎತ್ತರವನ್ನು ವಿಮಾನವೇ ಹೊರಗಿನ ಗಾಳಿಯ ಒತ್ತಡ ಅಳೆದು ಹೇಳುತ್ತದೆ, ಮೇಲೆ ಹೋದಷ್ಟೂ ಒತ್ತಡ ಕಡಿಮೆ ಅಲ್ವಾ.

ವಿಮಾನವೇ ಹೊಸದಾಗಿ ಉತ್ತರ ಕಳಿಸುವುದರಿಂದ ಅಲೆ ಎರಡು ಸಲ ಕರಗುವ ಕಷ್ಟ ಇಲ್ಲಿಲ್ಲ. ಒಂದೊಂದು ದಾರಿಯನ್ನು ಒಂದೊಂದು ಯಂತ್ರ ನೋಡಿಕೊಳ್ಳುತ್ತದೆ. ಹಾಗಾಗಿ ಕಡಿಮೆ ಶಕ್ತಿಯಲ್ಲಿ 400 ಕಿ.ಮೀ.ಗೂ ಜಾಸ್ತಿ ದೂರದವರೆಗೆ ಕೆಲಸ ನಡೆಯುತ್ತದೆ. ಇವತ್ತು ಕಂಟ್ರೋಲರ್ ಪರದೆಯಲ್ಲಿ ವಿಮಾನದ ಗುರುತಿನ ಪಕ್ಕದಲ್ಲಿ ಹೆಸರು, ಎತ್ತರ, ವೇಗ ಬರೆದಿರುವ ಪುಟ್ಟ ಚೀಟಿಯಂಥದ್ದು ಕಾಣುತ್ತದಲ್ಲ, ಅದಕ್ಕೆ ಮೂಲ ಈ ಉತ್ತರಗಳೇ.

ನಾಲ್ಕು ಅಂಕಿಯ ಹೆಸರು

"ನೀನು ಯಾರು?" ಅಂದರೆ ವಿಮಾನ ಹೇಳುವುದು ನಾಲ್ಕು ಅಂಕಿ. ಹೊರಡುವ ಮುಂಚೆ ಕಂಟ್ರೋಲರ್ ಒಂದು ಸಂಖ್ಯೆ ಕೊಡುತ್ತಾರೆ, ಪೈಲಟ್ ಅದನ್ನು ಪೆಟ್ಟಿಗೆಗೆ ಹಾಕುತ್ತಾರೆ. 0ಯಿಂದ 7ರವರೆಗಿನ ಅಂಕಿ ಮಾತ್ರ, 8 ಮತ್ತು 9 ಇಲ್ಲ. ಎಲ್ಲ ಜೋಡಣೆ ಸೇರಿ 4096 ಸಂಖ್ಯೆ ಆಗುತ್ತವೆ. ಇವುಗಳಲ್ಲಿ ಮೂರನ್ನು ಆಪತ್ತಿಗೆ ಮೀಸಲಿಟ್ಟಿದ್ದಾರೆ. 7500 ಅಂದರೆ ವಿಮಾನ ಅಪಹರಣ. 7600 ಅಂದರೆ ರೇಡಿಯೊ ಕೆಟ್ಟಿದೆ, ಮಾತಾಡಲು ಆಗುತ್ತಿಲ್ಲ. 7700 ಅಂದರೆ ತುರ್ತು ಪರಿಸ್ಥಿತಿ. ಬಾಯಿ ಬಿಟ್ಟು ಹೇಳಲಾಗದ ಹೊತ್ತಿನಲ್ಲೂ ನಾಲ್ಕು ಅಂಕಿ ಒತ್ತಿದರೆ ನೆಲದವರ ಪರದೆಯಲ್ಲಿ ಎಚ್ಚರಿಕೆ ಬರುತ್ತದೆ.

ಈ ಪೆಟ್ಟಿಗೆ ಹುಟ್ಟಿದ್ದು ಮಹಾಯುದ್ಧದಲ್ಲಿ. ಬರುತ್ತಿರುವ ವಿಮಾನ ನಮ್ಮದಾ ಶತ್ರುವಿನದಾ ಅಂತ ತಿಳಿಯಲು ಮಾಡಿದ್ದು. ಆಗ ಇದಕ್ಕೆ ಇಟ್ಟ ಗುಪ್ತ ಹೆಸರು ಗಿಳಿ. ಇವತ್ತಿಗೂ ಪೈಲಟ್‌ಗಳಿಗೆ ಸಂಖ್ಯೆ ಕೊಡುವಾಗ "ಸ್ಕ್ವಾಕ್" ಅನ್ನುತ್ತಾರೆ. ಗಿಳಿ ಕಿರುಚುವುದಕ್ಕೆ ಇರುವ ಪದ ಅದು.

ವಿಮಾನಗಳು ಜಾಸ್ತಿ ಆದಂತೆ ಹೊಸ ತೊಂದರೆ ಶುರುವಾಯಿತು. ಒಂದೇ ಪ್ರಶ್ನೆಗೆ ಅಕ್ಕಪಕ್ಕದ ನಾಲ್ಕಾರು ವಿಮಾನಗಳು ಒಟ್ಟಿಗೆ ಉತ್ತರ ಕೊಟ್ಟರೆ ಎಲ್ಲವೂ ಕಲಸಿಹೋಗುತ್ತವೆ. ಮೇಷ್ಟ್ರು ಕ್ಲಾಸಿಗೆ ಬಂದು "ಯಾರ್ಯಾರು ಬಂದಿದ್ದೀರಿ?" ಅಂತ ಕೇಳಿದರೆ ಏನಾಗುತ್ತದೋ ಹಾಗೆ. ಅದಕ್ಕೆ ಮೇಷ್ಟ್ರು ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಮೋಡ್ ಎಸ್ ಅನ್ನುವ ಹೊಸ ಪದ್ಧತಿಯಲ್ಲಿ ರೇಡಾರ್ ಮಾಡುವುದೂ ಅದನ್ನೇ. ಪ್ರತಿ ವಿಮಾನಕ್ಕೂ ಜಗತ್ತಿನಲ್ಲಿ ಬೇರೆ ಯಾವ ವಿಮಾನಕ್ಕೂ ಇಲ್ಲದ ಒಂದು ಶಾಶ್ವತ ವಿಳಾಸ ಇರುತ್ತದೆ. ಇಂಥ ವಿಳಾಸಗಳು ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಸಾಧ್ಯ. ರೇಡಾರ್ ವಿಳಾಸ ಹಿಡಿದು ಕರೆದಾಗ ಆ ವಿಮಾನ ಮಾತ್ರ ಉತ್ತರ ಕೊಡುತ್ತದೆ, ಉಳಿದವು ಸುಮ್ಮನಿರುತ್ತವೆ.

ಎತ್ತರ ಕಾಣದ ಪರದೆ: 1996ರ ನವೆಂಬರ್ 12

ಎತ್ತರ ತಿಳಿಯುವುದು ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ದೇಶ ಬಹಳ ದೊಡ್ಡ ಬೆಲೆ ಕೊಟ್ಟಿದೆ. ಆ ಸಂಜೆ ದೆಹಲಿಯಿಂದ ಸೌದಿ ಅರೇಬಿಯಾದ ಬೋಯಿಂಗ್ 747 ಹೊರಟಿತ್ತು. ಎದುರಿನಿಂದ ಕಜಕಿಸ್ತಾನದ ಇಲ್ಯೂಶಿನ್ 76 ದೆಹಲಿಗೆ ಬರುತ್ತಿತ್ತು. ಎರಡೂ ಒಂದೇ ದಾರಿಯಲ್ಲಿದ್ದವು. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಅಂತ ಹೇಳಿದ್ದರು. ನಡುವೆ 1,000 ಅಡಿ ಇದ್ದರೆ ಒಂದರ ಮೇಲೊಂದು ಸುರಕ್ಷಿತವಾಗಿ ಹಾದುಹೋಗಬಹುದು, ಇವತ್ತಿಗೂ ಅಷ್ಟೇ ಅಂತರ. ಆದರೆ ಕಜಕಿಸ್ತಾನದ ವಿಮಾನ ತನಗೆ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿಯಿತು. ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡೂ ಡಿಕ್ಕಿಯಾದವು. 349 ಜನ, ಒಬ್ಬರೂ ಉಳಿಯಲಿಲ್ಲ.

ಆಗ ದೆಹಲಿಯ ಕಂಟ್ರೋಲರ್ ಮುಂದೆ ಇದ್ದದ್ದು ಪ್ರೈಮರಿ ರೇಡಾರ್. ಎತ್ತರ ತೋರಿಸುವ ಸೆಕೆಂಡರಿ ರೇಡಾರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಎರಡು ಚುಕ್ಕಿ ಹತ್ತಿರ ಬರುತ್ತಿರುವುದು ಅವರಿಗೆ ಕಾಣುತ್ತಿತ್ತು, ನಡುವೆ ಇರಬೇಕಾದ ಸಾವಿರ ಅಡಿ ಕರಗಿದ್ದು ಕಾಣುವ ದಾರಿಯೇ ಇರಲಿಲ್ಲ. ಪೈಲಟ್ ರೇಡಿಯೊದಲ್ಲಿ ಹೇಳಿದ ಎತ್ತರವನ್ನು ನಂಬಬೇಕಿತ್ತು. ಆ ನೆಟ್ಟಗೆ ಹಿಡಿದ ಬೀಸಣಿಗೆಯ ಮಾತು ಈಗ ನೆನಪು ಮಾಡಿಕೊಳ್ಳಿ. ಈ ದುರಂತದ ಬಗ್ಗೆ ಓದಿದಾಗಲೆಲ್ಲ ನನ್ನ ಮನಸ್ಸು ಆ ಪರದೆಯ ಮುಂದೆ ಕೂತಿದ್ದವರ ಕಡೆಗೇ ಹೋಗುತ್ತದೆ.

ಆಮೇಲೆ ದೆಹಲಿಯಲ್ಲಿ ಬರುವ ದಾರಿ, ಹೋಗುವ ದಾರಿ ಬೇರೆ ಬೇರೆ ಆದವು. ಸೆಕೆಂಡರಿ ರೇಡಾರ್ ಬಂತು. ವಿಮಾನಗಳಲ್ಲಿ ಟೀಕ್ಯಾಸ್ ಅನ್ನುವ ಸಾಧನ ಕಡ್ಡಾಯವಾಯಿತು. ಟೀಕ್ಯಾಸ್ ಅಂದರೆ ವಿಮಾನದೊಳಗೇ ಇರುವ ಪುಟ್ಟ ಸೆಕೆಂಡರಿ ರೇಡಾರ್ ಅಂದುಕೊಳ್ಳಿ. ನೆಲದವರನ್ನು ಕಾಯದೆ ಅದು ತಾನೇ ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್‌ಗಳನ್ನು ಕೇಳುತ್ತದೆ. ಡಿಕ್ಕಿಯ ಅಪಾಯ ಕಂಡರೆ ಒಬ್ಬ ಪೈಲಟ್‌ಗೆ ಮೇಲೇರು ಅಂತ, ಎದುರಿನವರಿಗೆ ಕೆಳಗಿಳಿ ಅಂತ ಹೇಳುತ್ತದೆ. ಎರಡೂ ಪೆಟ್ಟಿಗೆಗಳು ಪರಸ್ಪರ ಮಾತಾಡಿಕೊಂಡೇ ಇದನ್ನು ನಿರ್ಧರಿಸುತ್ತವೆ.

ಉತ್ತರ ಬಾರದಿದ್ದಾಗ

ಇಷ್ಟೆಲ್ಲ ಚೆನ್ನಾಗಿರುವ ಸೆಕೆಂಡರಿ ರೇಡಾರ್ ಪೂರ್ತಿಯಾಗಿ ನಂಬಿರುವುದು ಉತ್ತರವನ್ನು. ಪೆಟ್ಟಿಗೆ ಕೆಟ್ಟರೆ, ಆರಿಸಿದರೆ, ವಿಮಾನ ಪರದೆಯಿಂದ ಹೋಗಿಬಿಡುತ್ತದೆ. ಗದ್ದೆಯಲ್ಲಿರುವವನು ಉಸಿರು ಬಿಗಿಹಿಡಿದು ಕೂತರೆ ಎಷ್ಟು ಕೂಗಿದರೇನು?

2014ರ ಮಾರ್ಚ್ 8ರಂದು 239 ಜನರನ್ನು ಹೊತ್ತು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾದ ಎಂಎಚ್ 370 ವಿಮಾನಕ್ಕೆ ಆಗಿದ್ದು ಇದೇ. ಮಲೇಷ್ಯಾದ ಆಕಾಶ ಮುಗಿದು ವಿಯೆಟ್ನಾಂ ಆಕಾಶ ಶುರುವಾಗುವ ಜಾಗದಲ್ಲಿ ಅದರ ಟ್ರಾನ್ಸ್‌ಪಾಂಡರ್ ಉತ್ತರ ನಿಂತಿತು. ನಾಗರಿಕ ಕಂಟ್ರೋಲರ್ ಪರದೆಯಲ್ಲಿ ಗುರುತು ಅಳಿಸಿತು. ಆದರೆ ಮಲೇಷ್ಯಾ ಸೇನೆಯ ಪ್ರೈಮರಿ ರೇಡಾರ್‌ನಲ್ಲಿ ಅದು ಹಿಂದಕ್ಕೆ ತಿರುಗಿ, ಮಲಯ ಪರ್ಯಾಯ ದ್ವೀಪವನ್ನು ದಾಟಿ, ಮಲಾಕ್ಕಾ ಜಲಸಂಧಿಯ ಕಡೆ ಹೋದದ್ದು ದಾಖಲಾಗಿತ್ತು. ಹೆಸರಿಲ್ಲದ, ಎತ್ತರ ಸರಿಯಾಗಿ ತಿಳಿಯದ ಬರೀ ಚುಕ್ಕಿ. ಕೇಳಿದ್ದಕ್ಕೆ ಉತ್ತರ ಕೊಡದ ವಿಮಾನವನ್ನು ಕಾಣುವುದು ಹಳೆಯ ಮರುದನಿಯ ರೇಡಾರ್‌ಗೆ ಮಾತ್ರ ಸಾಧ್ಯ.

ಹಾಗಾಗಿ ಟೀವಿಯಲ್ಲಿ "ರೇಡಾರ್ ಸಂಪರ್ಕ ತಪ್ಪಿತು" ಅಂದರೆ ನಾವು ಕೇಳಬೇಕಾದ ಪ್ರಶ್ನೆ, ಯಾವ ರೇಡಾರ್? ಉತ್ತರ ನಿಂತಿತಾ, ಮರುದನಿ ನಿಂತಿತಾ, ಅಥವಾ ವಿಮಾನ ರೇಡಾರ್‌ನ ಕಣ್ಣಳತೆಯಿಂದ ಆಚೆ ಹೋಯಿತಾ?

ಮಂಡಕಳ್ಳಿಯ ಆಕಾಶ ದೇವನಹಳ್ಳಿಗೆ ಕಾಣುತ್ತದಾ?

ಈ ಕಣ್ಣಳತೆಯ ವಿಷಯವನ್ನು ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ರೇಡಾರ್ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಭೂಮಿ ದುಂಡಗಿದೆ. ದೂರ ಹೋದಂತೆ ನೆಲ ಕೆಳಗೆ ಬಾಗುತ್ತದೆ, ಅಲೆ ಮೇಲೆ ಉಳಿಯುತ್ತದೆ. 35,000 ಅಡಿ ಮೇಲಿನ ವಿಮಾನ 400 ಕಿ.ಮೀ. ಆಚೆಯಿಂದಲೂ ಕಾಣಬಹುದು. 300 ಮೀಟರ್ ಎತ್ತರದಲ್ಲಿರುವ ವಿಮಾನ ನೂರು ಕಿ.ಮೀ. ಒಳಗೇ ಮರೆಯಾಗುತ್ತದೆ.

ಬೆಂಗಳೂರಿನ ದೊಡ್ಡ ವಿಮಾನ ನಿಲ್ದಾಣದ ಹತ್ತಿರ 30 ಮೀಟರ್ ಗೋಪುರದ ಮೇಲೆ ಒಂದು ಆಂಟೆನಾ ಇದೆ ಅಂದುಕೊಳ್ಳಿ. ನೆಲದ ಬಾಗನ್ನೂ ಎರಡು ಊರಿನ ಎತ್ತರದ ವ್ಯತ್ಯಾಸವನ್ನೂ ಹಿಡಿದು ನಾನು ಲೆಕ್ಕ ಹಾಕಿ ನೋಡಿದೆ. ಮೈಸೂರಿನ ಮೇಲೆ ವಿಮಾನ ನೆಲದಿಂದ ಒಂದು ಕಿಲೋಮೀಟರಿಗೂ ಜಾಸ್ತಿ ಎತ್ತರದಲ್ಲಿದ್ದರೆ ಮಾತ್ರ ಆ ಆಂಟೆನಾಗೆ ಕಾಣುತ್ತದೆ. ಚಾಮುಂಡಿ ಬೆಟ್ಟದ ತುದಿಯ ಮಟ್ಟದಲ್ಲಿ ಹಾರುವ ವಿಮಾನ ಕಾಣುವುದೇ ಇಲ್ಲ. ಮೈಸೂರಿನ ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯಲ್ಲಿ ಇಳಿಯುವ ಎಟಿಆರ್ ಅನ್ನುವ ಸಣ್ಣ ವಿಮಾನ ಕೊನೆಯ ಕೆಲವು ನಿಮಿಷ ಈ ಮರೆಯಲ್ಲೇ ಇಳಿಯುತ್ತದೆ ಅಂತಾಯಿತು.

ಇದು ಗಾಬರಿಯ ವಿಷಯ ಅಲ್ಲ. ರೇಡಾರ್ ಇಲ್ಲದೆಯೂ ವಿಮಾನ ಇಳಿಸುವ ಪದ್ಧತಿ ರೇಡಾರ್‌ಗಿಂತ ಹಳೆಯದು. ಗೋಪುರದಲ್ಲಿ ಕೂತ ಕಂಟ್ರೋಲರ್ ಕಿಟಕಿಯಿಂದ ನೋಡುತ್ತಾರೆ. ಪೈಲಟ್ ತಾನು ಎಲ್ಲಿದ್ದೇನೆ, ಎಷ್ಟು ಎತ್ತರ ಅಂತ ರೇಡಿಯೊದಲ್ಲಿ ಹೇಳುತ್ತಾರೆ. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಜಾಸ್ತಿ ಇಡುತ್ತಾರೆ. ರೇಡಾರ್ ಇದ್ದಾಗ ನಿಲ್ದಾಣದ ಹತ್ತಿರ ಎರಡು ವಿಮಾನಗಳ ನಡುವೆ 3 ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿ.ಮೀ., ದೂರದ ದಾರಿಯಲ್ಲಿ 5 ನಾಟಿಕಲ್ ಮೈಲಿ ಸಾಕು. ರೇಡಾರ್ ಇಲ್ಲದ ಕಡೆ ಹತ್ತು ನಿಮಿಷದ ಹಾರಾಟದಷ್ಟು ಅಂತರ ಬಿಡುವುದೂ ಉಂಟು. ರೇಡಾರ್ ಇದ್ದರೆ ಅದೇ ಆಕಾಶದಲ್ಲಿ ಜಾಸ್ತಿ ವಿಮಾನ ಹಿಡಿಯುತ್ತವೆ.

ಸೊಪ್ಪಿನವರ ಕೂಗು

ಈಗ ಚಿಕ್ಕಮ್ಮನ ಮೊಬೈಲಿಗೆ ಬರೋಣ. ಬೆಳಗ್ಗೆ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವರು ಬರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ತಾವಾಗಿಯೇ "ಸೊಪ್ಪೋ, ದಂಟು, ಕೀರೆ, ಸಬ್ಬಸಿಗೆ" ಅಂತ ಕೂಗುತ್ತಾ ಹೋಗುತ್ತಾರೆ. ಕಿವಿ ಇದ್ದವರಿಗೆಲ್ಲ ಕೇಳುತ್ತದೆ.

ಮೂರನೆಯ ಉಪಾಯ ಇದು. ಹೆಸರು ಎಡಿಎಸ್-ಬಿ. ವಿಮಾನ ತನ್ನ ಜಾಗವನ್ನು ಜಿಪಿಎಸ್ ಮೂಲಕ ತಿಳಿದುಕೊಂಡು, ಯಾರೂ ಕೇಳದಿದ್ದರೂ ಸೆಕೆಂಡಿಗೆ ಎರಡು ಸಲ 1090 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತದೆ: ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ಎತ್ತರ, ಇಷ್ಟು ವೇಗ. ಸುತ್ತುವ ಆಂಟೆನಾ ಬೇಡ, ಪ್ರಶ್ನೆ ಬೇಡ. ಕೇಳಿಸಿಕೊಳ್ಳುವ ಪೆಟ್ಟಿಗೆ ಇದ್ದರೆ ಸಾಕು. ಆ ಪೆಟ್ಟಿಗೆ ಕೆಲವೇ ಸಾವಿರ ರೂಪಾಯಿಗೂ ಸಿಗುತ್ತದೆ. ಜಗತ್ತಿನಾದ್ಯಂತ ಸಾವಿರಾರು ಆಸಕ್ತರು ತಮ್ಮ ಮಾಳಿಗೆ ಮೇಲೆ ಇಂಥ ಪೆಟ್ಟಿಗೆ ಇಟ್ಟು, ಕೇಳಿದ್ದನ್ನು ಇಂಟರ್ನೆಟ್‌ನಲ್ಲಿ ಹಂಚಿಕೊಳ್ಳುತ್ತಾರೆ. ಮೊಬೈಲಿನ ನಕ್ಷೆ ತಯಾರಾಗುವುದು ಬಹುಪಾಲು ಇದರಿಂದಲೇ.

ಕಂಟ್ರೋಲರ್‌ಗಳೂ ಇದನ್ನು ಬಳಸುತ್ತಾರೆ. ಆದರೂ ಹಳೆ ರೇಡಾರ್‌ಗಳನ್ನು ಕಿತ್ತುಹಾಕಿಲ್ಲ, ಅದಕ್ಕೆ ಕಾರಣ ಇದೆ. ಎಡಿಎಸ್-ಬಿಯಲ್ಲಿ ವಿಮಾನ ತಾನು ಎಲ್ಲಿದ್ದೇನೆ ಅಂತ ಅಂದುಕೊಂಡಿದೆಯೋ ಅದನ್ನೇ ಹೇಳುತ್ತದೆ. ಯಾರಾದರೂ ಸುಳ್ಳು ಜಿಪಿಎಸ್ ಸಂಕೇತ ಕಳಿಸಿದರೆ ವಿಮಾನ ಮೋಸ ಹೋಗುತ್ತದೆ, ತಪ್ಪು ಜಾಗವನ್ನೇ ನಂಬಿ ಕೂಗುತ್ತದೆ. 2025ರ ನವೆಂಬರ್‌ನಲ್ಲಿ ದೆಹಲಿಯ ಸುತ್ತ ಇಂಥ ಸುಳ್ಳು ಸಂಕೇತಗಳ ಸುದ್ದಿ ಬಂದಾಗ ಎಷ್ಟೋ ಜನ ಗಾಬರಿಯಾಗಿದ್ದರು. ರೇಡಾರ್‌ಗೆ ಈ ಮೋಸ ತಟ್ಟುವುದಿಲ್ಲ. ಅದು ವಿಮಾನ ಇರುವ ಜಾಗವನ್ನು ತಾನೇ ಅಳೆಯುತ್ತದೆ, ಜಿಪಿಎಸ್ ಕೇಳುವುದೇ ಇಲ್ಲ. ಆದ್ದರಿಂದ ದೊಡ್ಡ ನಿಲ್ದಾಣಗಳಲ್ಲಿ ಮರುದನಿ, ಪ್ರಶ್ನೋತ್ತರ, ಕೂಗು ಮೂರನ್ನೂ ಒಂದೇ ಪರದೆಯಲ್ಲಿ ಸೇರಿಸಿ ನೋಡುತ್ತಾರೆ. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ.

ಸಮುದ್ರದ ನಡುವೆ

ಅರಬ್ಬಿ ಸಮುದ್ರದ ಮಧ್ಯೆ ಮಾಳಿಗೆ ಎಲ್ಲಿಂದ ಬರಬೇಕು? ಕೂಗು ಹೊರಡುತ್ತಲೇ ಇರುತ್ತದೆ, ಕೇಳುವವರಿಲ್ಲ. ಕರಾವಳಿಯ ರೇಡಾರ್‌ಗೂ ಮುನ್ನೂರು ನಾನೂರು ಕಿ.ಮೀ. ದಾಟಿದ ಮೇಲೆ ಭೂಮಿಯ ಬಾಗು ಅಡ್ಡ ಬರುತ್ತದೆ. ಚಿಕ್ಕಮ್ಮ ನೋಡುತ್ತಿದ್ದ ಚುಕ್ಕಿ ನಿಂತದ್ದು ಇಲ್ಲಿ. ಕೆಲವು ಆ್ಯಪ್‌ಗಳು ಸಂಕೇತ ನಿಂತ ಮೇಲೂ ಸ್ವಲ್ಪ ಹೊತ್ತು ಅಂದಾಜಿನಲ್ಲಿ ಚಿತ್ರ ಓಡಿಸುತ್ತವೆ, ಆಮೇಲೆ ತೆಗೆದುಬಿಡುತ್ತವೆ.

ಅಷ್ಟು ಹೊತ್ತು ವಿಮಾನವನ್ನು ಯಾರೂ ಕೇಳುವವರಿಲ್ಲ ಅಂತಲ್ಲ. ಪೈಲಟ್‌ಗಳು ಗೊತ್ತುಪಡಿಸಿದ ಜಾಗಗಳಲ್ಲಿ ದೂರದವರೆಗೆ ಹೋಗುವ ರೇಡಿಯೊದಲ್ಲಿ ತಮ್ಮ ಸ್ಥಾನ ಹೇಳುತ್ತಾರೆ. ಅದಕ್ಕೆ ಬೇಕಾದ ಸಾಧನ ಇರುವ ವಿಮಾನಗಳು ಉಪಗ್ರಹದ ಮೂಲಕ ಆಗಾಗ ತಾವಾಗಿಯೇ ವರದಿ ಕಳಿಸುತ್ತವೆ. ಮುಂಬೈ ಕಂಟ್ರೋಲ್‌ನ ಸರಹದ್ದು ಮುಗಿದ ಕಡೆ ಮಸ್ಕತ್ ಕಂಟ್ರೋಲ್ ವಹಿಸಿಕೊಳ್ಳುತ್ತದೆ. ಯಾವ ವಿಮಾನ ಎಷ್ಟು ಗಂಟೆಗೆ ಸರಹದ್ದಿಗೆ ಬರುತ್ತದೆ ಅಂತ ಇವರು ಅವರಿಗೆ ಮೊದಲೇ ಹೇಳಿರುತ್ತಾರೆ. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಹುಡುಕಾಟ ಶುರುವಾಗುತ್ತದೆ. 2019ರಿಂದ ಇರಿಡಿಯಂ ಸಂಸ್ಥೆಯ 66 ಉಪಗ್ರಹಗಳು ಕೂಡ ಮೇಲಿನಿಂದ ಎಡಿಎಸ್-ಬಿ ಕೂಗನ್ನು ಕೇಳಿಸಿಕೊಳ್ಳುತ್ತಿವೆ. ಅವಕ್ಕೆ ಸಮುದ್ರ, ಮರುಭೂಮಿ ಅನ್ನುವ ವ್ಯತ್ಯಾಸ ಇಲ್ಲ. ಆದರೆ ಆ ಮಾಹಿತಿ ದುಡ್ಡು ಕೊಟ್ಟು ಪಡೆಯುವಂಥದ್ದು, ಬಿಟ್ಟಿ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಇದನ್ನೆಲ್ಲ ಅವತ್ತು ಚಿಕ್ಕಮ್ಮನಿಗೆ ಹೇಳಲಿಲ್ಲ. "ಚಿಕ್ಕಮ್ಮ, ಸಮುದ್ರದ ಮಧ್ಯ ಅದರ ಕೂಗು ಕೇಳೋರು ಇಲ್ಲ, ಅಷ್ಟೇ. ಒಮಾನ್ ದಡ ಹತ್ರ ಬಂದ ತಕ್ಷಣ ಮತ್ತೆ ಕಾಣುತ್ತೆ. ನೀವು ಊಟ ಮಾಡಿ" ಅಂದೆ. ಊಟ ಮಾಡಿದರೋ ಇಲ್ಲವೋ ಗೊತ್ತಿಲ್ಲ. ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಮಸ್ಕತ್ತಿನ ಪಕ್ಕದಲ್ಲಿ ಪುಟ್ಟ ವಿಮಾನ, ಅದರ ಸುತ್ತ ಚಿಕ್ಕಮ್ಮ ಬೆರಳಲ್ಲೇ ಎಳೆದ ಕೆಂಪು ಸುತ್ತು.